ಯಾರೂ ಚಿತ್ರೀಕರಿಸದ ಗೋಲು

ಪ್ರಿಯ ಓದುಗರೇ,

ನಮಸ್ಕಾರ. ಕಳೆದ ಸಂಚಿಕೆಯಲ್ಲಿ 1970ರ ದಶಕದ ಇಂಗ್ಲಿಷ್ ಫುಟ್‌ಬಾಲ್ ಆಟಗಾರ ರಾಬಿನ್ ಫ್ರೈಡೇ ಬಗ್ಗೆ ಬಂದ ಲೇಖನ ಓದಿ ನೀವು ಮೂರು ಪುಟದ ಪತ್ರ ಬರೆದಿದ್ದೀರಿ. ಮಕ್ಕಳಿಗೆ ಫುಟ್‌ಬಾಲ್ ಕಲಿಸುವವರು ನೀವು, ಹಾಗಾಗಿ ನಿಮ್ಮ ಸಿಟ್ಟಿಗೆ ಕಾರಣವಿದೆ. ಪತ್ರದ ಸಾರ ಇಷ್ಟು: 'ಇಂಗ್ಲೆಂಡಿನ ಅತ್ಯುನ್ನತ ಹಂತವಾಗಿದ್ದ ಮೊದಲ ಡಿವಿಷನ್‌ನಲ್ಲಿ ಒಂದೇ ಒಂದು ಪಂದ್ಯ ಆಡದ, ಕುಡಿತ ಮತ್ತು ಡ್ರಗ್ಸ್‌ನಲ್ಲಿ ಪ್ರತಿಭೆ ಹಾಳು ಮಾಡಿಕೊಂಡವನಿಗೆ ಇಷ್ಟೊಂದು ಜಾಗ ಯಾಕೆ? ಮ್ಯಾಂಚೆಸ್ಟರ್ ಯುನೈಟೆಡ್‌ನ ಜಾರ್ಜ್ ಬೆಸ್ಟ್ ಕೂಡ ಕುಡಿದ. ಆದರೆ ಅವನು 1968ರಲ್ಲೇ ಯುರೋಪಿಯನ್ ಕಪ್ ಗೆದ್ದಿದ್ದ. ಫ್ರೈಡೇ ಏನು ಗೆದ್ದ? ನನ್ನ ಹುಡುಗರಿಗೆ ಇವನ ಬಗ್ಗೆ ಏನಂತ ಹೇಳಲಿ?'

ನಾಲ್ಕು ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ.

ಮೊದಲು ಫ್ರೈಡೇ ಆಡಿದ ಕ್ಲಬ್ ರೆಡಿಂಗ್ ಬಗ್ಗೆ ಹೇಳುತ್ತೇನೆ. (ಇಂಗ್ಲಿಷ್‌ನಲ್ಲಿ ಬರೆದಾಗ 'ರೀಡಿಂಗ್' ಅಂತ ಕಾಣುತ್ತದೆ, ಆದರೆ ಆ ಊರಿನವರು ರೆಡಿಂಗ್ ಎಂದೇ ಹೇಳುತ್ತಾರೆ.) 1974ರಲ್ಲಿ ಈ ಕ್ಲಬ್ ನಾಲ್ಕನೇ ಡಿವಿಷನ್‌ನಲ್ಲಿತ್ತು. ಆಗಿನ ಲೀಗ್‌ನಲ್ಲಿ ಅದಕ್ಕಿಂತ ಕೆಳಗೆ ಇನ್ನೊಂದು ಮೆಟ್ಟಿಲು ಇರಲಿಲ್ಲ. ದುಡ್ಡಿಲ್ಲ, ಹೆಸರಿಲ್ಲ. ಲಂಡನ್ ಹತ್ತಿರವೇ ಇದ್ದದ್ದರಿಂದ ಊರಿನ ಹುಡುಗರು ದೊಡ್ಡ ಕ್ಲಬ್‌ಗಳ ಆಟ ನೋಡಲು ರೈಲು ಹತ್ತಿ ಹೋಗಬಹುದಿತ್ತು. ಅಂಥ ಕಾಲದಲ್ಲಿ ಮ್ಯಾನೇಜರ್ ಚಾರ್ಲಿ ಹರ್ಲಿ, ಹೇಯ್ಸ್ ಎಂಬ ಹವ್ಯಾಸಿಗಳ ಲೀಗ್‌ನ ತಂಡದಿಂದ ಫ್ರೈಡೇ ಎಂಬ ಹುಡುಗನನ್ನು 750 ಪೌಂಡ್ ಕೊಟ್ಟು ಕರೆತಂದರು. ಅದೇ ವರ್ಷ ಬಾಬ್ ಲ್ಯಾಚ್‌ಫರ್ಡ್ ಎಂಬ ಆಟಗಾರ ಮೊದಲ ಡಿವಿಷನ್‌ನ ಎವರ್ಟನ್ ಕ್ಲಬ್‌ಗೆ ಹೋದಾಗ ಲೆಕ್ಕ ಹಾಕಿದ ಬೆಲೆ 3,50,000 ಪೌಂಡ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹುಡುಗನ ವಯಸ್ಸು ಆಗ 21. ಲಂಡನ್ನಿನ ಆಕ್ಟನ್‌ನವನು. ಹದಿಹರೆಯದಲ್ಲೇ ಕಳ್ಳತನ, ಡ್ರಗ್ಸ್, ಬಾಲಾಪರಾಧಿಗಳ ಜೈಲು ಎಲ್ಲವೂ ಆಗಿತ್ತು. 1972ರಲ್ಲಿ ಕಟ್ಟಡದ ಕೆಲಸ ಮಾಡುವಾಗ ಎತ್ತರದಿಂದ ಬಿದ್ದ, ಚೂಪಾದ ಕಬ್ಬಿಣ ಮೈಯೊಳಗೆ ಹೊಕ್ಕಿತ್ತು. ಬದುಕಿದ್ದೇ ದೊಡ್ಡದು. ಕೆಲವೇ ತಿಂಗಳಲ್ಲಿ ಮತ್ತೆ ಮೈದಾನಕ್ಕೆ ಇಳಿದ. ನಿಮ್ಮ ಪತ್ರದಲ್ಲಿ 'ಎಲ್ಲಾ ಇದ್ದೂ ಕಳೆದುಕೊಂಡವನು' ಎಂಬ ಮಾತಿದೆ. ನಾನು ಒಪ್ಪದಿರುವುದು ಇದೊಂದನ್ನು. ಅವನ ಹತ್ತಿರ ಕಾಲಿನ ಚಳಕ ಇತ್ತು. ಉಳಿದದ್ದು ಯಾವುದಿತ್ತು ಹೇಳಿ?

ಈಗ ಆ ಗೋಲಿಗೆ ಬರುತ್ತೇನೆ. ನಮ್ಮ ಲೇಖನ ಅದನ್ನು ಎರಡೇ ವಾಕ್ಯದಲ್ಲಿ ದಾಟಿಬಿಟ್ಟಿತ್ತು, ನನಗೆ ಆ ಬಗ್ಗೆ ಬೇಸರವಿದೆ.

1976ರ ಮಾರ್ಚ್ 31, ಬುಧವಾರ ರಾತ್ರಿ. ರೆಡಿಂಗ್‌ನ ಹಳೆಯ ಮೈದಾನ ಎಲ್ಮ್ ಪಾರ್ಕ್. ಎದುರಾಳಿ ಟ್ರಾನ್‌ಮಿಯರ್ ರೋವರ್ಸ್. ಚೆಂಡು ಎತ್ತರದಲ್ಲಿ ಹಾರಿ ಬಂತು. ಫ್ರೈಡೇ ಬೆನ್ನು ಗೋಲಿನ ಕಡೆಗಿತ್ತು. ಚೆಂಡನ್ನು ಎದೆಯ ಮೇಲೆ ತಡೆದ, ಅದು ನೆಲ ಮುಟ್ಟುವ ಮೊದಲೇ ತಿರುಗುತ್ತಾ ಭುಜದ ಮೇಲಿಂದ ಒದ್ದ. ಬಲೆಯ ಮೇಲಿನ ಮೂಲೆಗೆ ಹೋಗಿ ಬಿತ್ತು. ಗೋಲ್‌ಕೀಪರ್‌ಗೆ ಮಾಡಲು ಏನೂ ಉಳಿದಿರಲಿಲ್ಲ. ರೆಡಿಂಗ್ ಆ ಪಂದ್ಯವನ್ನು 5-0ಯಿಂದ ಗೆದ್ದಿತು.

ಆ ರಾತ್ರಿಯ ರೆಫರಿ ಕ್ಲೈವ್ ಥಾಮಸ್. 1974 ಮತ್ತು 1978ರ ವಿಶ್ವಕಪ್‌ಗಳಲ್ಲಿ ಸೀಟಿ ಊದಿದವರು ಇವರು. ಗೋಲು ನೋಡಿ ಎರಡೂ ಕೈ ತಲೆ ಮೇಲಿಟ್ಟುಕೊಂಡು ನಿಂತುಬಿಟ್ಟರಂತೆ. ಪೆಲೆ, ಕ್ರೈಫ್ ಅಂಥವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ತಾನು ಕಂಡ ಅತ್ಯುತ್ತಮ ಗೋಲು ಇದೇ ಎಂದು ಮುಂದೆ ಹೇಳಿದರು. ಪಂದ್ಯ ಮುಗಿದ ಮೇಲೆ ಇದನ್ನೇ ಫ್ರೈಡೇಗೆ ಹೇಳಿದಾಗ ಅವನು, ಹೌದಾ, ಹಾಗಾದರೆ ನೀವು ಇಲ್ಲಿಗೆ ಆಗಾಗ ಬರಬೇಕು, ನಾನಿದನ್ನು ಪ್ರತಿ ವಾರ ಮಾಡುತ್ತೇನೆ ಅಂದನಂತೆ.

ಈ ಗೋಲಿನ ದೃಶ್ಯ ಎಲ್ಲೂ ಇಲ್ಲ. ನಾಲ್ಕನೇ ಡಿವಿಷನ್‌ನ ಬುಧವಾರದ ಪಂದ್ಯಕ್ಕೆ ಯಾವ ಟಿವಿ ಕ್ಯಾಮೆರಾ ಬರಬೇಕು? ಅಲ್ಲಿದ್ದವರ ಕಣ್ಣಲ್ಲಿ ಮಾತ್ರ ಅದು ಉಳಿಯಿತು. ಅವರು ಮನೆಗೆ ಹೋಗಿ ಹೇಳಿದರು. ಮಕ್ಕಳಿಗೆ ಹೇಳಿದರು. ಚೆಂಡು ಎಲ್ಲಿಂದ ಬಂತು, ಅವನು ಎಷ್ಟು ದೂರದಲ್ಲಿದ್ದ ಎನ್ನುವುದು ಹೇಳುವವರ ಬಾಯಲ್ಲಿ ಸ್ವಲ್ಪ ಸ್ವಲ್ಪ ಬದಲಾಗಿದೆ. ಬದಲಾಗಲಿ ಬಿಡಿ. ಬೆಸ್ಟ್ ಗೋಲುಗಳನ್ನು ನೀವೂ ನಾನೂ ಈಗಲೂ ಕೂತು ನೋಡಬಹುದು, ಅವು ಎಲ್ಲರವು. ಟ್ರಾನ್‌ಮಿಯರ್ ವಿರುದ್ಧದ ಆ ಗೋಲು ರೆಡಿಂಗ್‌ನವರದು. ಅದನ್ನು ನೋಡಲು ಆ ರಾತ್ರಿ ಟಿಕೆಟ್ ಕೊಂಡು ಅಲ್ಲೇ ನಿಂತಿರಬೇಕಿತ್ತು.

ಫ್ರೈಡೇ ಏನು ಗೆದ್ದ ಅಂತ ಕೇಳಿದ್ದೀರಿ. ಆ ಸೀಸನ್‌ನಲ್ಲಿ ರೆಡಿಂಗ್ ಮೂರನೇ ಸ್ಥಾನದಲ್ಲಿ ಮುಗಿಸಿ ಮೂರನೇ ಡಿವಿಷನ್‌ಗೆ ಏರಿತು. ಲೆಕ್ಕದ ಪುಸ್ತಕದಲ್ಲಿ ಅಷ್ಟೇ. ಲೀಗ್‌ನಲ್ಲಿ ರೆಡಿಂಗ್ ಪರ 121 ಪಂದ್ಯ, 46 ಗೋಲು. ಮರುವರ್ಷವೇ ತಂಡ ಮತ್ತೆ ಕೆಳಗೆ ಬಿತ್ತು. ಅಷ್ಟರಲ್ಲಿ ಅವನನ್ನು 30,000 ಪೌಂಡ್‌ಗೆ ಕಾರ್ಡಿಫ್ ಸಿಟಿಗೆ ಮಾರಿಯಾಗಿತ್ತು. ಎರಡನೇ ಡಿವಿಷನ್‌ನಲ್ಲಿದ್ದ ಕಾರ್ಡಿಫ್‌ಗೆ ಅವನು ಬಂದದ್ದೇ ಪ್ಲಾಟ್‌ಫಾರ್ಮ್ ಟಿಕೆಟ್‌ನಲ್ಲಿ ರೈಲು ಪ್ರಯಾಣ ಮಾಡಿ, ಪೊಲೀಸರ ಕೈಗೆ ಸಿಕ್ಕಿಬಿದ್ದು. ಮೊದಲ ಪಂದ್ಯ 1977ರ ಜನವರಿ 1ರಂದು, ಫುಲ್‌ಹ್ಯಾಮ್ ಎದುರು. ಅವನ ಎದುರಿಗಿದ್ದವರು ಇಂಗ್ಲೆಂಡಿಗೆ 1966ರ ವಿಶ್ವಕಪ್ ತಂದ ನಾಯಕ ಬಾಬಿ ಮೂರ್. ಫ್ರೈಡೇ ಎರಡು ಗೋಲು ಹೊಡೆದ. ಮೇಲಿನ ಮಟ್ಟದಲ್ಲೂ ಅವನು ಆಡಬಲ್ಲವನಾಗಿದ್ದ ಅನ್ನೋದಕ್ಕೆ ಆ ಒಂದು ಮಧ್ಯಾಹ್ನ ಸಾಕ್ಷಿ. ಒಂದು ವರ್ಷ ತುಂಬುವುದರೊಳಗೆ ಫುಟ್‌ಬಾಲ್ ಬಿಟ್ಟ. ವಯಸ್ಸು 25.

ಈಗ ನಮ್ಮ ತಪ್ಪಿನ ಮಾತು. ಆ ಫುಲ್‌ಹ್ಯಾಮ್ ಪಂದ್ಯದಲ್ಲಿ ಅವನು ಬಾಬಿ ಮೂರ್ ಅವರ ಮರ್ಮಾಂಗ ಹಿಚುಕಿದ್ದನ್ನು ನಮ್ಮ ಲೇಖನ ತಮಾಷೆಯಾಗಿ ಹೇಳಿತ್ತು. ಅದು ತಮಾಷೆಯಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ರೈಟನ್ ವಿರುದ್ಧ ಆಡುವಾಗ ಎದುರಾಳಿ ಆಟಗಾರ ಮಾರ್ಕ್ ಲಾರೆನ್ಸನ್ ಮುಖಕ್ಕೆ ಒದ್ದು ಮೈದಾನದಿಂದ ಹೊರಬಿದ್ದ. ನಾವು ಅದನ್ನು ಬರೆಯಲೇ ಇಲ್ಲ. ಬರೆಯಬೇಕಿತ್ತು. ಒಬ್ಬನನ್ನು ಪ್ರೀತಿಸುವಾಗ ಅವನ ಕೈಯಲ್ಲಿ ಪೆಟ್ಟು ತಿಂದವರನ್ನು ಮರೆಯುವುದು ಸುಲಭ. ಆ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ, ನಾನು ಕ್ಷಮೆ ಕೇಳುತ್ತೇನೆ.

ಆದರೂ ರೆಡಿಂಗ್ ಜನ ಅವನನ್ನು ಬಿಟ್ಟುಕೊಡಲಿಲ್ಲ. ಫುಟ್‌ಬಾಲ್ ಬಿಟ್ಟ ಮೇಲೂ ಅವನನ್ನು ವಾಪಸ್ ಕರೆಸಿ ಅಂತ ಸಹಿ ಸಂಗ್ರಹಿಸಿದರು. ಆಗಿನ ಮ್ಯಾನೇಜರ್ ಮಾರಿಸ್ ಎವನ್ಸ್ ಅವನನ್ನು ಮಾತಾಡಿಸಿದ ಪ್ರಸಂಗವನ್ನು ಅಲ್ಲಿನವರು ಈಗಲೂ ಹೇಳುತ್ತಾರೆ. ಮೂರ್ನಾಲ್ಕು ವರ್ಷ ಸರಿಯಾಗಿ ಇರು, ಇಂಗ್ಲೆಂಡ್ ತಂಡಕ್ಕೇ ಆಡಬಹುದು ಅಂದರು ಎವನ್ಸ್. ನಿಮಗೆ ವಯಸ್ಸೆಷ್ಟು ಅಂತ ಫ್ರೈಡೇ ತಿರುಗಿ ಕೇಳಿದ. ನಿಮ್ಮ ಅರ್ಧ ವಯಸ್ಸಿಗೇ ನಿಮ್ಮ ಎರಡರಷ್ಟು ಬದುಕಿಬಿಟ್ಟಿದ್ದೇನೆ ಅಂದ. ಈ ಮಾತನ್ನು ಕೆಲವರು ಧೀರನ ಮಾತಿನ ಹಾಗೆ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 25 ದಾಟಿದ ಹುಡುಗ ಬದುಕಿನ ಲೆಕ್ಕ ಮುಗಿಸಿ ಕೂತಿದ್ದು ಅದರಲ್ಲಿ ಕೇಳುತ್ತದೆ. 1990ರ ಡಿಸೆಂಬರ್‌ನಲ್ಲಿ, 38ನೇ ವಯಸ್ಸಿಗೆ, ಆಕ್ಟನ್‌ನ ತನ್ನ ಮನೆಯಲ್ಲಿ ಹೃದಯ ನಿಂತು ತೀರಿಕೊಂಡ.

ಅಭಿಮಾನಿಗಳು 1999ರಲ್ಲಿ ಅವನನ್ನು ಕ್ಲಬ್ಬಿನ ಸಹಸ್ರಮಾನದ ಆಟಗಾರ ಎಂದು ಆರಿಸಿದರು. 2005-06ರಲ್ಲಿ ರೆಡಿಂಗ್ ದಾಖಲೆಯ 106 ಅಂಕ ಗಳಿಸಿ ಪ್ರೀಮಿಯರ್ ಲೀಗ್‌ಗೆ ಹೋಯಿತು. ಒಳ್ಳೆಯ ಆಟಗಾರರು ಬೇಕಾದಷ್ಟು ಜನ ಬಂದರು. ಆಮೇಲೆ ಮತ್ತೆ ಇಳಿಜಾರು. ಮಾಲೀಕರ ಹಣದ ತಾಪತ್ರಯದಿಂದ ಅಂಕ ಕಡಿತವಾಯಿತು, 2023ರಲ್ಲಿ ತಂಡ ಮೂರನೇ ಹಂತಕ್ಕೆ ಬಿತ್ತು. 2024ರ ಜನವರಿಯಲ್ಲಿ ಪೋರ್ಟ್ ವೇಲ್ ವಿರುದ್ಧದ ಪಂದ್ಯದ ನಡುವೆ ಅಭಿಮಾನಿಗಳೇ ಮೈದಾನಕ್ಕೆ ಇಳಿದು, ಕ್ಲಬ್ ಮಾರಿ ಹೋಗಿ ಅಂತ ಮಾಲೀಕರ ವಿರುದ್ಧ ಪ್ರತಿಭಟಿಸಿದರು. ಪಂದ್ಯ ಅಲ್ಲಿಗೇ ನಿಂತಿತು. 2025ರಲ್ಲಿ ಕೊನೆಗೂ ಮಾಲೀಕತ್ವ ಬದಲಾಯಿತು.

ಇಷ್ಟೆಲ್ಲಾ ಏಳುಬೀಳಿನಲ್ಲೂ ಆ ಜನ ಫ್ರೈಡೇ ಹೆಸರು ಹೇಳುವುದು ಯಾಕೆ ಅಂತ ನಾನು ಯೋಚಿಸಿದ್ದೇನೆ. ಅವನು ಇಂಗ್ಲೆಂಡಿಗೆ ಆಡಬೇಕಿತ್ತು ಅನ್ನುವ ಕೊರಗು ನಮ್ಮಂಥ ಹೊರಗಿನವರಿಗೆ ಜಾಸ್ತಿ. ರೆಡಿಂಗ್‌ನವರ ಪಾಲಿಗೆ, ಯಾರೂ ತಿರುಗಿ ನೋಡದಿದ್ದ ಕಾಲದಲ್ಲಿ ಅವನು ಅವರ ಮುಂದೆ ಆಡಿದ. ಮಳೆಯಲ್ಲಿ ನಿಂತು ಸೋಲು ನೋಡಿ ಮನೆಗೆ ಹೋಗುತ್ತಿದ್ದವರಿಗೆ, ಮುಂದಿನ ಶನಿವಾರ ಮತ್ತೆ ಬರಲು ಒಂದು ಕಾರಣ ಕೊಟ್ಟ. ಅದನ್ನು ಅವನು ಪೂರ್ತಿ ಕೊಟ್ಟ, ಅರ್ಧಕ್ಕೆ ಬಿಟ್ಟಿದ್ದು ತನ್ನ ಬದುಕನ್ನು.

ಎಲ್ಮ್ ಪಾರ್ಕ್ ಈಗಿಲ್ಲ. 1998ರಲ್ಲಿ ಕ್ಲಬ್ ಹೊಸ ಮೈದಾನಕ್ಕೆ ಹೋಯಿತು, ಹಳೆಯ ಜಾಗದಲ್ಲಿ ಮನೆಗಳು ಎದ್ದಿವೆ.

ನಿಮ್ಮ ಹುಡುಗರಿಗೆ ಏನು ಹೇಳಬೇಕು ಎನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನನ್ನನ್ನು ಕೇಳಿದ್ದಕ್ಕೆ ಹೇಳುತ್ತೇನೆ: ಮೊದಲು ಆ ಗೋಲನ್ನು ವಿವರಿಸಿ. ಚೆಂಡು ಎದೆಗೆ ಬಂದದ್ದು, ಬೆನ್ನು ಗೋಲಿನ ಕಡೆಗಿದ್ದದ್ದು. ಅವರು ಅದನ್ನು ಮಾಡಿ ನೋಡುತ್ತಾರೆ, ಹತ್ತು ಸಲ ತಪ್ಪುತ್ತಾರೆ. ಆಮೇಲೆ ಅವನು ಮುಂದೇನಾದ ಅಂತ ಅವರೇ ಕೇಳುತ್ತಾರೆ. ಆಗ ಒಂದನ್ನೂ ಮುಚ್ಚಿಡದೆ ಹೇಳಿ. 25 ಅನ್ನುವ ಸಂಖ್ಯೆ ಹೇಳಿ, 38 ಅನ್ನುವ ಸಂಖ್ಯೆಯನ್ನೂ ಹೇಳಿ.

ಲಾರೆನ್ಸನ್ ಘಟನೆಯನ್ನು ಬಿಟ್ಟಿದ್ದಕ್ಕೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ. ನಿಮ್ಮ ಪತ್ರವನ್ನೂ ಅದರ ಜೊತೆಗೇ, ಒಂದು ಸಾಲನ್ನೂ ಕತ್ತರಿಸದೆ ಪ್ರಕಟಿಸುತ್ತೇವೆ.

ವಿಶ್ವಾಸದಿಂದ,
ಸಂಪಾದಕ