ಅಣ್ಣನ ರಿಪೋರ್ಟು, ಅತ್ತಿಗೆಯ ಮೇಲೆ ಅನುಮಾನ

ನಿಮ್ಮ ಪತ್ರ ಓದಿ ಸಂಕಟವಾಯಿತು. ಕ್ಯಾನ್ಸರ್ ಆಗಿದ್ದ ಅಣ್ಣ ಎರಡು ವರ್ಷದಿಂದ ನೋವಿಗೆ ಮಾರ್ಫಿನ್ ಮಾತ್ರೆ ತಗೊಳ್ಳುತ್ತಿದ್ದರು, ನಿದ್ದೆಯಲ್ಲೇ ತೀರಿಕೊಂಡರು, ರಕ್ತದಲ್ಲಿ ‘ಪ್ರಾಣಾಂತಿಕ ಮಟ್ಟ’ದ ಮಾರ್ಫಿನ್ ಇತ್ತೆಂದು ರಿಪೋರ್ಟ್ ಬಂತು, ಈಗ ಮಾತ್ರೆ ಕೊಡುತ್ತಿದ್ದ ಅತ್ತಿಗೆಯ ಮೇಲೆ ಮನೆಮಂದಿಗೆಲ್ಲ ಅನುಮಾನ. ‘ಯಂತ್ರ ಸುಳ್ಳು ಹೇಳುತ್ತದೆಯೇ?’ ಎಂದು ಕೇಳಿದ್ದೀರಿ.

ಹೇಳುವುದಿಲ್ಲ. ಲ್ಯಾಬಿನವರ ಕೆಲಸದ ಬಗ್ಗೆ ನನಗೂ ಗೌರವ ಇದೆ. ಆದರೆ ಎಷ್ಟು ಮಾರ್ಫಿನ್ ಇದೆ ಅನ್ನುವುದಷ್ಟೇ ಯಂತ್ರಕ್ಕೆ ಗೊತ್ತು, ಅದರಿಂದಲೇ ಸತ್ತರೇ ಅನ್ನುವುದು ಗೊತ್ತಿಲ್ಲ. ಮಾರ್ಫಿನ್ ಎಂದೂ ಮುಟ್ಟದವರ ಉಸಿರು ನಿಲ್ಲಿಸುವಷ್ಟು ಪ್ರಮಾಣವನ್ನು ವರ್ಷಗಟ್ಟಲೆ ತಗೊಂಡವರ ಮೈ ತಡೆದುಕೊಳ್ಳುತ್ತದೆ. ಕಿಡ್ನಿ ಸೋತಿದ್ದರೆ, ದಿನದ ಡೋಸ್ ಕೊಟ್ಟರೂ ಮಾರ್ಫಿನ್ನಿನಿಂದ ಹುಟ್ಟುವ ಬಲವಾದ ಅಂಶಗಳು ಹೊರಹೋಗದೆ ಮೈಯಲ್ಲೇ ಸೇರಿಕೊಳ್ಳುತ್ತವೆ. ಇನ್ನು ರಕ್ತ ತೆಗೆದದ್ದು ಎಲ್ಲಿಂದ? ಸತ್ತ ಮೇಲೂ ಎಷ್ಟೋ ಔಷಧಗಳು ಲಿವರ್, ಶ್ವಾಸಕೋಶ, ಹೊಟ್ಟೆಯಿಂದ ಜಾರಿ ಹೃದಯದ ರಕ್ತಕ್ಕೆ ಸೇರುತ್ತವೆ, ಫೆಂಟನಿಲ್ ಎಂಬ ಇನ್ನೊಂದು ಬಲವಾದ ನೋವಿನ ಔಷಧದಲ್ಲಂತೂ ಇದು ದೊಡ್ಡ ತಲೆನೋವು. ಅದಕ್ಕೇ ತೊಡೆಯ ರಕ್ತನಾಳದಿಂದ ತೆಗೆಯಬೇಕು ಅನ್ನುವುದು.

ತನ್ನ ರೋಗಿಗಳನ್ನೇ ಕೊಂದ ಇಂಗ್ಲೆಂಡಿನ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್ ಕತೆ ನೀವು ಕೇಳಿರಬಹುದು. 1998ರಲ್ಲಿ ಅವನ ರೋಗಿಯೊಬ್ಬರ ಹೂತ ಹೆಣ ತೆಗೆದಾಗ ತೊಡೆಯ ಸ್ನಾಯುವಿನಲ್ಲಿ ಮಾರ್ಫಿನ್ ಸಿಕ್ಕಿತು. ಲ್ಯಾಬ್ ಇಲ್ಲದಿದ್ದರೆ ಆ ಕೊಲೆ ಮುಚ್ಚಿಹೋಗುತ್ತಿತ್ತು, ಒಪ್ಪುತ್ತೇನೆ. ಆದರೆ ಆಕೆಗೇ ಮಾದಕದ ಚಟ ಇತ್ತೆಂದು ತೋರಿಸಲು ಅವನು ದಾಖಲೆಯಲ್ಲಿ ಹಳೆ ತಾರೀಕು ಹಾಕಿ ಬರೆದಿದ್ದ, ಅದು ಹೊರಬಿದ್ದದ್ದು ಕಂಪ್ಯೂಟರ್ ತಡಕಾಡಿದ ಮೇಲೆ. 2000ರಲ್ಲಿ 15 ಕೊಲೆಗಳಿಗೆ ಶಿಕ್ಷೆಯಾಯಿತು. ಮಾರ್ಫಿನ್ ಇತ್ತು ಅನ್ನುವಲ್ಲಿಗೇ ಯಾರೂ ಸುಮ್ನೆ ನಿಲ್ಲಲಿಲ್ಲ, ಯಾಕೆ ಇತ್ತು ಎಂದು ಹುಡುಕಿದರು.

ನನಗೆ ಸಿಟ್ಟು ಬರುವುದು ಇಲ್ಲೇ. ಲ್ಯಾಬಿಗೆ ರಕ್ತದ ಬಾಟಲಿ ಹೋಗುತ್ತದೆ, ಡಾಕ್ಟರ ಚೀಟಿ ಎಷ್ಟೋ ಸಲ ಹೋಗುವುದೇ ಇಲ್ಲ. ಆಮೇಲೆ ಅಚ್ಚಾದ ಒಂದು ಅಂಕಿ ಹಿಡಿದು ಮನೆಯವರೇ ತೀರ್ಪು ಕೊಡುತ್ತಾರೆ. ಇದನ್ನು ನೋಡಿದ ಪಕ್ಕದ ಮನೆಯವರು ತಮ್ಮವರು ನರಳುತ್ತಿದ್ದರೂ ಮಾರ್ಫಿನ್ ಕೊಡಲು ಹೆದರುತ್ತಾರೆ. ಎಂಥ ಅನ್ಯಾಯ ಅಲ್ವಾ? ನೀವೂ ಆ ಅನುಮಾನಕ್ಕೆ ತಲೆದೂಗಿದಿರಿ ಎಂಬ ಬೇಸರ ನನಗಿದೆ, ಕೇಳುವ ಮನಸ್ಸು ಮಾಡಿದಿರಿ ಎಂಬ ಸಮಾಧಾನವೂ ಇದೆ.

ಚೀಟಿಗಳು, ಉಳಿದ ಮಾತ್ರೆಗಳು, ಕೊನೆಯ ಕಿಡ್ನಿ ಪರೀಕ್ಷೆ, ಇಷ್ಟನ್ನೂ ತಗೊಂಡು ಶವಪರೀಕ್ಷೆ ಮಾಡಿದ ಡಾಕ್ಟರ ಹತ್ತಿರ ಹೋಗಿ. ರಕ್ತ ಎಲ್ಲಿಯದು, ಬೇರೆ ನಿದ್ದೆ ಮಾತ್ರೆ ಏನಾದರೂ ಇತ್ತಾ ಎಂದು ಕೇಳಿ. ಅತ್ತಿಗೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಯಾವ ಮಾತ್ರೆ ಯಾವಾಗ ಕೊಟ್ಟರು ಅನ್ನುವುದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು.