ಕನ್ನಡಿಯಲ್ಲಿ ಮುಖ ಯಾಕೆ ಮಸುಕು?

ಪ್ರಶ್ನೆ: ಕನ್ನಡಿ ಇಟ್ಟುಕೊಂಡು ನನ್ನ ಫೋಟೊ ನಾನೇ ತೆಗೆಯುತ್ತಿದ್ದೇನೆ. ಕನ್ನಡಿಯ ಅಂಚು ಚೆನ್ನಾಗಿ ಬರುತ್ತದೆ, ಮುಖ ಮಾತ್ರ ಮಸುಕು. ಕ್ಯಾಮೆರಾ ಬೇರೆ ಮುಖಕ್ಕೆ ಅಡ್ಡ ಬರುತ್ತದೆ. ಮಾಮೂಲಿ ಸೆಲ್ಫಿಯಂತೆ ಕಾಣಬಾರದು. ಏನು ಮಾಡಲಿ?

ಉತ್ತರ: ಮೊದಲು ಮಸುಕಿನ ವಿಷಯ. ನಿಮ್ಮ ಪ್ರತಿಬಿಂಬ ಇರುವುದು ಗಾಜಿನ ಮೇಲಲ್ಲ, ಗಾಜಿನ ಆಚೆಗೆ. ಕ್ಯಾಮೆರಾ ಹಿಡಿದು ಕನ್ನಡಿಯಿಂದ 1 ಮೀಟರ್ ದೂರ ನಿಂತರೆ, ಲೆನ್ಸಿನ ಲೆಕ್ಕಕ್ಕೆ ಮುಖ ಸುಮಾರು 2 ಮೀಟರ್ ದೂರ. ಆಟೋಫೋಕಸ್ ಎಷ್ಟೋ ಸಲ ಹತ್ತಿರದ ಅಂಚನ್ನೋ ಗಾಜಿನ ಧೂಳನ್ನೋ ಹಿಡಿದು ಕೂರುತ್ತದೆ. ಫೋಕಸ್ ಚುಕ್ಕಿಯನ್ನು ಕಣ್ಣಿನ ಮೇಲೆ ತಂದಿಡಿ. ಅಂಚು, ಮುಖ ಎರಡೂ ಸ್ಪಷ್ಟ ಬೇಕೆಂದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಚಿಕ್ಕದಾಗಿ ಎಫ್/11ರ ಆಸುಪಾಸು ಇರಲಿ. ನನಗಂತೂ ಅಂಚು ಮಸುಕಾಗಿ ಮುಖ ಚೂಪಾಗಿ ಬಂದದ್ದೇ ಜಾಸ್ತಿ ಇಷ್ಟ.

ಕ್ಯಾಮೆರಾ ಕೈಯಿಂದ ಬಿಡಿ, ಟ್ರೈಪಾಡ್ ಮೇಲೆ ಕೂರಿಸಿ ಟೈಮರ್ ಹಾಕಿ. ಕನ್ನಡಿ ಸ್ವಲ್ಪ ಓರೆಯಾಗಿರಲಿ. ಆಮೇಲೆ ಕನ್ನಡಿಯಲ್ಲಿ ನಿಮ್ಮ ಮುಖ ಹುಡುಕಬೇಡಿ, ಲೆನ್ಸ್ ಹುಡುಕಿ. ನಿಮಗೆ ಲೆನ್ಸ್ ಕಂಡರೆ ಲೆನ್ಸಿಗೂ ನೀವು ಕಾಣುತ್ತೀರಿ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ನನ್ನ ಅಚ್ಚುಮೆಚ್ಚಿನ ಪ್ರಯೋಗಕ್ಕೆ ಅಂಗೈಯಗಲದ ಕನ್ನಡಿ ಸಾಕು. ಕ್ಯಾಮೆರಾ ನಿಮ್ಮ ಬೆನ್ನ ಹಿಂದೆ, ಭುಜದ ಮಟ್ಟದಲ್ಲಿ. ಕೈ ಚಾಚಿ ಕನ್ನಡಿ ಹಿಡಿಯಿರಿ. ಚಿತ್ರದಲ್ಲಿ ಮುಂದೆ ಕೂದಲು, ಭುಜ ಮಸುಕು ಮಸುಕು. ಅದರಾಚೆ ಕನ್ನಡಿ ಒತ್ತಿಹಿಡಿದ ಹೆಬ್ಬೆರಳು, ಪಕ್ಕದಲ್ಲೇ ಒಂದು ಕಣ್ಣು, ಅರ್ಧ ಹುಬ್ಬು. ಮಣಿಕಟ್ಟು ಕೂದಲೆಳೆಯಷ್ಟು ತಿರುಗಿದರೂ ಕಣ್ಣು ಜಾರಿಹೋಗುತ್ತದೆ, ಅದಕ್ಕೇ ಮೊಣಕೈಯನ್ನು ಮೇಜಿಗೆ ಊರಿ. ಇಡೀ ಮುಖ ತೋರಿಸುವ ಚಿತ್ರಕ್ಕಿಂತ ಇದರಲ್ಲಿ ನೋಡುವವರಿಗೆ ಕುತೂಹಲ ಹೆಚ್ಚು, ಅಲ್ವಾ?

ಎರಡು ಕನ್ನಡಿ ಇದ್ದರೆ ಹಿಂಬದಿಗೆ ಟೇಪ್ ಅಂಟಿಸಿ ಪುಸ್ತಕದ ಹಾಗೆ ತೆರೆದಿಡಿ. 90 ಡಿಗ್ರಿಯಲ್ಲಿ 3 ಪ್ರತಿಬಿಂಬ, 60ಕ್ಕೆ ಇಳಿಸಿದರೆ 5. 90ರಲ್ಲಿ ನಡುವಿನದು ಎಡಬಲ ಅದಲುಬದಲಾಗದ ನೀವು, ಬೇರೆಯವರ ಕಣ್ಣಿಗೆ ಕಾಣುವ ಹಾಗೆ.

ಹಾಗಂತ ಕ್ಯಾಮೆರಾ ಬಚ್ಚಿಡಲೇಬೇಕು ಅಂತೇನಿಲ್ಲ. ಛಾಯಾಗ್ರಾಹಕಿ ಇಲ್ಸೆ ಬಿಂಗ್ 1931ರಲ್ಲಿ ತೆಗೆದ ಸ್ವಂತ ಚಿತ್ರ ನೋಡಿ. ಲೈಕಾ ಕ್ಯಾಮೆರಾ ಎದುರಿಗೇ ಇದೆ. ಪಕ್ಕದ ಕನ್ನಡಿಯಲ್ಲಿ ಅದೇ ಮುಖ, ಅದೇ ಕ್ಯಾಮೆರಾ ಪಕ್ಕದಿಂದ ಕಾಣುತ್ತವೆ. ಅಲ್ಲಿ ಕ್ಯಾಮೆರಾ ಅಡ್ಡ ಬಂದಿಲ್ಲ, ಅದೂ ಚಿತ್ರದ ಒಂದು ಪಾತ್ರ.

ಫ್ಲ್ಯಾಶ್ ಮಾತ್ರ ಬೇಡ, ಕನ್ನಡಿಗೆ ಬಡಿದು ಬಿಳಿ ಮಚ್ಚೆಯಾಗಿ ವಾಪಸ್ ಬರುತ್ತದೆ. ಕಿಟಕಿಯ ಬೆಳಕು ಕನ್ನಡಿಯ ಮೇಲಲ್ಲ, ನಿಮ್ಮ ಮುಖದ ಮೇಲೆ ಬೀಳುವಂತೆ ನಿಂತುಕೊಳ್ಳಿ.