ಹೆತ್ತಮ್ಮನಿಗೆ ಸ್ಕಿಜೋಫ್ರೇನಿಯಾ (ಇಲ್ಲದ್ದು ಕೇಳಿಸುವ, ಯೋಚನೆ ಕದಡುವ ಮಾನಸಿಕ ಕಾಯಿಲೆ) ಇತ್ತು. ದತ್ತು ಮಗಳಿಗೂ ಬರುತ್ತಾ ಅಂತ ಪರ್ಸನಾಲಿಟಿ ಟೆಸ್ಟ್ ಹೇಳುತ್ತದೆಯೇ?

ಇಲ್ಲ. ಶಾಯಿ ಕಲೆ ತೋರಿಸಿ 'ಇದರಲ್ಲಿ ಏನು ಕಾಣುತ್ತೆ?' ಅಂತ ಕೇಳುವಂಥ ಟೆಸ್ಟ್‌ಗಳು ಈಗಿನ ಯೋಚನೆಯ ರೀತಿಯನ್ನಷ್ಟೇ ತೋರಿಸುತ್ತವೆ. ಮುಂದೆ ಕಾಯಿಲೆ ಬರುತ್ತದೋ ಇಲ್ಲವೋ ಹೇಳಲಾರವು.

ಯಾಕೆಂದರೆ ಹುಟ್ಟಿನಿಂದ ಬರುವುದು ಕಾಯಿಲೆಯಲ್ಲ, ಅದಕ್ಕೆ ಸುಲಭವಾಗಿ ತುತ್ತಾಗುವ ಗುಣ. ಅಮೆರಿಕದಲ್ಲಿ ಮನೋವೈದ್ಯ ಲಿಯೊನಾರ್ಡ್ ಹೆಸ್ಟನ್ 1966ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: ಈ ಕಾಯಿಲೆಯಿದ್ದ ತಾಯಂದಿರಿಂದ ಹುಟ್ಟಿದ ಕೂಡಲೇ ಬೇರೆಯಾಗಿ ಬೆಳೆದ 47 ಜನರಲ್ಲಿ ಕಾಯಿಲೆ ಬಂದದ್ದು 5 ಜನರಿಗೆ. ಜಾಸ್ತಿ ಜನ ಪಾರಾದರು, ಅಲ್ವಾ? ಇಂಥ ತಾಯಂದಿರ ದತ್ತು ಮಕ್ಕಳ ಬಗ್ಗೆ ಫಿನ್‌ಲ್ಯಾಂಡ್‌ನಲ್ಲಿ ನಡೆದ ಅಧ್ಯಯನದಲ್ಲಂತೂ, ಸಾಕಿದ ಮನೆ ನೆಮ್ಮದಿಯಾಗಿದ್ದಾಗ ಅಪಾಯ ಬಹಳ ಕಡಿಮೆಯಿತ್ತು.

ಸುಮ್ನೆ ಟೆಸ್ಟ್ ಮಾಡಿಸಿ ಮಗಳನ್ನು ಹೆದರಿಸಬೇಡಿ. ಹದಿಹರೆಯದಲ್ಲಿ ಅವಳು ಎಲ್ಲರಿಂದ ದೂರವಾದರೆ, ಯಾರೋ ಮಾತಾಡಿದಂತೆ ಕೇಳಿಸುತ್ತದೆ ಎಂದರೆ, ತಡಮಾಡದೆ ನಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಹೆತ್ತಮ್ಮನ ವಿಷಯವನ್ನೂ ಡಾಕ್ಟರಿಗೆ ತಿಳಿಸಿ.